ಅಕ್ಕಿ ಡ್ರಮ್ಮಿನ ಕ್ಲೌಡು

ಅಮೆರಿಕದವರು ಕ್ಲೌಡ್ ಕಂಪ್ಯೂಟಿಂಗ್ ಅನ್ನುವುದನ್ನು ಕಂಡುಹಿಡಿಯುವುದಕ್ಕೆ ಆರು ವರ್ಷ ಮೊದಲೇ ನಾನು ಅದನ್ನು ನಂಜನಗೂಡಿನ ಆರ್.ಪಿ. ರಸ್ತೆಯಲ್ಲಿ ಕಂಡುಹಿಡಿದು, ನಡೆಸಿ, ಬೇಜಾರಾಗಿ ಬಿಟ್ಟುಬಿಟ್ಟಿದ್ದೆ. ಆಮೇಲೆ ಊರಿನವರು ಕೈಮುಗಿದು ಕೇಳಿಕೊಂಡರು ಅಂತ ಮತ್ತೆ ಶುರು ಮಾಡಿದೆ. ಅದನ್ನು ನೋಡಿಕೊಂಡು ಹೋಗುವುದಕ್ಕೆ ಕ್ಯಾಲಿಫೋರ್ನಿಯಾದ ಇಬ್ಬರು ಎಂಜಿನಿಯರುಗಳು ಬಿಳಿ ಕಾರಿನಲ್ಲಿ ಬಂದು ನನ್ನ ಅಂಗಡಿ ಮುಂದೆ ಹತ್ತು ನಿಮಿಷ ಬಾಯಿ ತೆರೆದುಕೊಂಡು ನಿಂತಿದ್ದನ್ನು ಪಕ್ಕದ ಎಳನೀರಿನವನು ಕಣ್ಣಾರೆ ನೋಡಿದ್ದಾನೆ. ಬೇಕಾದರೆ ಅವನನ್ನೇ ಕೇಳಿ ಅನ್ನುತ್ತಿದ್ದೆ, ಆದರೆ ಅವನೀಗ ಗುಂಡ್ಲುಪೇಟೆ ಕಡೆ ಹೋಗಿದ್ದಾನಂತೆ, ವಿಳಾಸ ಗೊತ್ತಿಲ್ಲ.

ನನ್ನ ಹೆಸರು ಅಮೃತೇಶ್. ಅಮೃತೇಶ್ ಡಿಜಿಟಲ್ ಸ್ಟುಡಿಯೋದ ಮಾಲೀಕ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ಹದಿನೆಂಟು ವರ್ಷದಿಂದ ಯಾರ ಮದುವೆಯಾದರೂ ಪುರೋಹಿತರು ಮುಹೂರ್ತ ನೋಡುವುದು ಆಮೇಲೆ. ಮೊದಲು ನನ್ನ ಬ್ಯಾಟರಿ ಚಾರ್ಜ್ ಆಗಿದೆಯೇ ಅಂತ ಕೇಳುತ್ತಾರೆ. ಹೇಮಂತ್ ಅನ್ನುವವನು ಹಿಂದೆ ನನ್ನ ಹತ್ತಿರವೇ ಕೆಲಸದಲ್ಲಿದ್ದ. ಟ್ರೈಪಾಡ್ ಹೊರುವುದು, ಲೈಟು ಹಿಡಿಯುವುದು ಅವನ ಪಾಲು; ಚಿತ್ರ ತೆಗೆಯುವ ಕೈ ಯಾವತ್ತೂ ನನ್ನದು. ಅವನು ಹೋದ ವರ್ಷ ರಸ್ತೆಯಾಚೆ, ಸರಿಯಾಗಿ ನನ್ನ ಎದುರಿಗೇ, ಸ್ವಂತ ಅಂಗಡಿ ತೆರೆದ. ತೆರೆದರೆ ತೆರೆಯಲಿ, ನನಗೇನು. ಆದರೆ ಅವನ ಬೋರ್ಡಿನಲ್ಲಿ ಹೀಗೆ ಬರೆದಿತ್ತು: "ನಿಮ್ಮ ಫೋಟೋ, ವಿಡಿಯೋ ಕ್ಲೌಡ್‌ನಲ್ಲಿ ಭದ್ರ."

ಬೋರ್ಡು ಏರಿದ ದಿನವೇ ಹನ್ನೊಂದು ಜನ ಬಂದು ನಿಮ್ಮಲ್ಲಿ ಕ್ಲೌಡ್ ಇದೆಯಾ ಅಂತ ಕೇಳಿದರು. ಇಲ್ಲ ಅನ್ನುವ ಮಾತು ನಮ್ಮ ವಂಶದಲ್ಲಿ ಯಾರೂ ಆಡಿದವರಲ್ಲ. ಮರುದಿನ ನನ್ನ ಬೋರ್ಡಿನ ಕೆಳಗೆ ಕೆಂಪು ಬಣ್ಣದಲ್ಲಿ ಬರೆಸಿದೆ: "ನಮ್ಮಲ್ಲಿ ಸ್ವಂತ ಕ್ಲೌಡ್ ಇದೆ. ಬಾಡಿಗೆಯದಲ್ಲ."

ಬರೆಸಿದ ಮೇಲೆ ಅದು ಏನು ಅಂತ ತಿಳಿದುಕೊಳ್ಳಬೇಕಲ್ಲ. ಮೈಸೂರಿನಲ್ಲಿ ಸ್ಟುಡಿಯೋದವರಿಗೆಂದೇ ಒಂದು ದಿನದ ತರಬೇತಿ ಇತ್ತು, ಹೋದೆ. ಒಂದು ಚೀಲ, ಒಂದು ಪುಸ್ತಕ, ಒಂದು ಊಟ ಕೊಟ್ಟರು. ಮೂರನ್ನೂ ಪೂರ್ತಿ ಉಪಯೋಗಿಸಿಕೊಂಡವನು ನಾನೊಬ್ಬನೇ. ಪಾಠ ಮಾಡಿದ ಮೇಡಂ ಹೇಳಿದ ಸಾರಾಂಶ ಇಷ್ಟು: ಕ್ಲೌಡ್ ಅಂದರೆ ಆಕಾಶದಲ್ಲೇನೂ ಇಲ್ಲ, ಎಲ್ಲೋ ದೂರದ ಊರಿನಲ್ಲಿ ಬೇರೆ ಯಾರೋ ಕಾಯುತ್ತಿರುವ ದೊಡ್ಡ ದೊಡ್ಡ ಕಂಪ್ಯೂಟರುಗಳು. ನಮ್ಮ ಸಾಮಾನು ಅಲ್ಲಿ ಇಡಬಹುದು, ನಮ್ಮ ಕೆಲಸ ಅಲ್ಲಿ ಮಾಡಿಸಬಹುದು. ಎಷ್ಟು ಬೇಕೋ ಅಷ್ಟು ಉಪಯೋಗಿಸಿ, ಅಷ್ಟಕ್ಕೇ ಬಾಡಿಗೆ. ಹಬ್ಬಕ್ಕೆ ಹೆಚ್ಚು ಬೇಕಾದರೆ ಹೆಚ್ಚು, ಆಷಾಢದಲ್ಲಿ ಕಡಿಮೆ ಸಾಕಾದರೆ ಕಡಿಮೆ. ಒಂದು ಊರಿನಲ್ಲಿ ಇಟ್ಟಿದ್ದರ ನಕಲು ಇನ್ನೊಂದು ಊರಿನಲ್ಲೂ ಇರುತ್ತದೆ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ.

ಅದರಲ್ಲಿ ಮೂರು ಬಗೆಯ ಸೇವೆ ಇದೆ ಅಂತ ಆಕೆ ಇಂಗ್ಲಿಷಿನಲ್ಲಿ ಹೇಳಲು ಹೊರಟಾಗ ಸಭೆಯೆಲ್ಲ ತೂಕಡಿಸುತ್ತಿತ್ತು. ನಾನು ಎದ್ದು ನಿಂತು ಮದುವೆಯ ಲೆಕ್ಕದಲ್ಲಿ ಬಿಡಿಸಿಟ್ಟೆ. ಮೊದಲನೆಯದು, ಬರೀ ಛತ್ರ ಹಿಡಿದ ಹಾಗೆ: ಗೋಡೆ, ನೀರು, ಕರೆಂಟು ಅವರದು, ಪಾತ್ರೆ, ಒಲೆ, ಅಡುಗೆಯವರು ನಮ್ಮವರು. ಎರಡನೆಯದು, ಛತ್ರದ ಜೊತೆಗೆ ಪಾತ್ರೆ, ಒಲೆ, ಗ್ಯಾಸು ಎಲ್ಲಾ ಅವರದೇ. ಬಂದು ನಮ್ಮ ರುಚಿಗೆ ಅಡುಗೆ ಮಾಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಮೂರನೆಯದು ಪೂರ್ತಿ ಕಂಟ್ರಾಕ್ಟು: ಅವರೇ ಮಾಡಿ ಅವರೇ ಬಡಿಸುತ್ತಾರೆ, ನಾವು ಎಲೆ ಮುಂದೆ ಕೂತರೆ ಸಾಕು. ನಾನು ಹುಟ್ಟಿದಾಗಿನಿಂದ ಮೂರನೆಯದರ ಪಕ್ಷ ಅಂತಲೂ ಹೇಳಿದೆ. ಸಭೆ ಎದ್ದು ನಿಂತು ಹನ್ನೆರಡು ನಿಮಿಷ ಚಪ್ಪಾಳೆ ತಟ್ಟಿತು. ಮೇಡಂ ಕಣ್ಣೊರೆಸಿಕೊಂಡರು.

ಬಂದವನೇ ನನ್ನ ಕ್ಲೌಡ್ ಕಟ್ಟಿದೆ. ಹದಿನೆಂಟು ವರ್ಷದ ಮದುವೆಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು, ಸೋಪಿನ ಡಬ್ಬಿಯಷ್ಟು ದೊಡ್ಡದು. ಇಂಥ ವಸ್ತು ಇಡುವ ಜಾಗ ತಂಪಾಗಿರಬೇಕು, ತೇವ ಇರಬಾರದು, ಬಿಗಿ ಕಾವಲು ಬೇಕು ಅಂತ ಪುಸ್ತಕದಲ್ಲಿತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ. ಮನೆಯ ಸಾಮಾನಿನ ಕೋಣೆಯಲ್ಲಿ ಅಕ್ಕಿ ಡ್ರಮ್ಮು. ನೆನೆದ ಮೊಬೈಲನ್ನೇ ಅಕ್ಕಿಯಲ್ಲಿ ಹುಗಿಯುವ ಜನ ನಾವು, ಅದಕ್ಕಿಂತ ಒಣಜಾಗ ಪ್ರಪಂಚದಲ್ಲಿಲ್ಲ. ಕಾವಲಿಗೆ ನಮ್ಮ ತಾಯಿ ಗುರುಬಸಮ್ಮನವರು. ಕಾಲು ತೊಳೆಯದೆ ಆ ಕೋಣೆಗೆ ಇಲಿ ಹೋದರೂ ವಾಪಸ್ ಬಂದದ್ದಿಲ್ಲ.

ಆದರೆ ಅಮ್ಮನಿಂದ ಅದನ್ನು ಕಾಯುವವರು ಯಾರು? ದಿನಾ ಅಕ್ಕಿ ತೆಗೆಯುವಾಗ ಸಿಕ್ಕಿದರೆ ಎತ್ತಿ ಆಚೆ ಇಟ್ಟಾರು. ಅದಕ್ಕೆ ಡಿಸ್ಕನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಅರಿಶಿನ ಕುಂಕುಮ ಹಚ್ಚಿ, ಸ್ವಾಮಿಗಳೊಬ್ಬರು ಕೊಟ್ಟ ರಕ್ಷೆ ಅಂತ ಹೇಳಿದೆ. ಮನೆ ಕಾಯುತ್ತದೆ, ಯಾರೂ ಬಿಚ್ಚಬಾರದು, ಬಿಚ್ಚಿದರೆ ಕೇಡು. ಇಷ್ಟು ಗಟ್ಟಿ ಪಾಸ್‌ವರ್ಡು ಯಾವ ಕಂಪನಿಯ ಹತ್ತಿರವೂ ಇಲ್ಲ.

ಎರಡನೇ ಊರು? ಅದಕ್ಕೆ ಹೆಮ್ಮಿಗೆಯಲ್ಲಿ ನಮ್ಮ ಅಕ್ಕನ ಮನೆ ಇತ್ತು. ಅಲ್ಲಿಯ ಅಕ್ಕಿ ಡ್ರಮ್ಮಿನಲ್ಲೂ ಅಂಥದೇ ಬಿಳಿ ಗಂಟು, ಅಂಥದೇ ಅರಿಶಿನ ಕುಂಕುಮ, ಅಂಥದೇ ಮಾತು. ಗಿರಾಕಿಗಳಿಗೆ ನನ್ನ ಡೇಟಾ ಸೆಂಟರು ಎರಡು ತಾಲ್ಲೂಕಿನಲ್ಲಿದೆ ಅನ್ನುತ್ತಿದ್ದೆ. ಯಾರಾದರೂ ಹಳೆಯ ವಿಡಿಯೋ ಕೇಳಿದರೆ ಡೌನ್‌ಲೋಡ್ ಆಗುತ್ತಿದೆ ಅಂತ ಕೂರಿಸಿ, ಒಳಗೆ ಹೋಗಿ ಅಮ್ಮ ಪೂಜೆಗೆ ಕೂತಿದ್ದಾರೆಯೇ ನೋಡಿ, ಡ್ರಮ್ಮಿಗೆ ಕೈ ಹಾಕುತ್ತಿದ್ದೆ. ಅಮ್ಮನ ಪೂಜೆ ನಲವತ್ತು ನಿಮಿಷ. ಹಾಗಾಗಿ ನನ್ನ ಕ್ಲೌಡ್ ಬೆಳಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ ಬಹಳ ವೇಗವಾಗಿತ್ತು.

ಹೀಗೆ ಆರು ತಿಂಗಳು ನಡೆಯಿತು. ಒಂದು ಶುಕ್ರವಾರ ಬೆಳಗ್ಗೆ ಚಿಕ್ಕಯ್ಯನಛತ್ರದಿಂದ ಮಲ್ಲಾಜಮ್ಮ ಬಂದರು. ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲೊಂದು ವೈರು ಬುಟ್ಟಿ. ಎರಡು ವರ್ಷದ ಹಿಂದೆ ಅವರ ಮೊಮ್ಮಗನ ಮದುವೆ ವಿಡಿಯೋ ಮಾಡಿದ್ದು ನಮ್ಮ ಸ್ಟುಡಿಯೋ. ಅವರ ಯಜಮಾನರು ಗುರುಮಲ್ಲಪ್ಪನವರು ಹೋದ ವರ್ಷ ತೀರಿಕೊಂಡಿದ್ದರು. ಬರುವ ಸೋಮವಾರ ವರ್ಷದ ಪೂಜೆ.

ಹೊಸ ಹೆಣ್ಣು ಗಂಡು ಮನೆ ತುಂಬುವಾಗ ಹೆಣ್ಣುಮಕ್ಕಳು ಹೊಸಿಲಿಗೆ ಅಡ್ಡ ನಿಂತು ಒಬ್ಬರ ಹೆಸರನ್ನು ಒಬ್ಬರ ಬಾಯಿಂದ ಹೇಳಿಸುವುದುಂಟಲ್ಲ. ಅವತ್ತು ಮೊಮ್ಮಗನ ಬಾಯಿಂದ ಹೇಳಿಸಿದವರು ಮುದುಕರ ಕಡೆಗೂ ತಿರುಗಿದರಂತೆ. ಗುರುಮಲ್ಲಪ್ಪನವರು ಐವತ್ತೆರಡು ವರ್ಷ ಹೆಂಡತಿಯನ್ನು 'ಏ', 'ಇಲ್ನೋಡು' ಅಂತಲೇ ಕರೆದವರು. ಆವತ್ತು ಹೆಸರು ಹೇಳಿಬಿಟ್ಟರಂತೆ.

"ಎಲ್ರೂ ಕೇಳವ್ರೆ ಕಣಪ್ಪ," ಅಂದರು ಮಲ್ಲಾಜಮ್ಮ. "ಬೀಗ್ರು ಕೇಳವ್ರೆ, ವಾಲಗದೋರು ಕೇಳವ್ರೆ. ನಾನೊಬ್ಳೇ ಕೇಳಿಲ್ಲ. ಅಡ್ಗೆಮನೇಲಿದ್ದೆ. ನೀ ಕೊಟ್ಟಿದ್ದ ವಿಡಿಯೋದಾಗೆ ಆ ಜಾಗ್ದಲ್ಲಿ ಊವ ಉದುರ್ತವೆ."

ಹೂವು ಉದುರುವುದು ನಿಜ. ಆ ಭಾಗದಲ್ಲಿ ಬೆಳಕು ಸಾಲದು ಅಂತ ಕತ್ತರಿಸಿ, ಗುಲಾಬಿ ಪಕಳೆ ಉದುರಿಸಿ, ನಡುವೆ ನಮ್ಮ ಸ್ಟುಡಿಯೋದ ಹೆಸರು ಗಿರಗಿರ ತಿರುಗುವಂತೆ ಮಾಡಿದ್ದೆ. ಆದರೆ ಕತ್ತರಿಸದ ಮೂಲ ಡಿಸ್ಕಿನಲ್ಲಿತ್ತು. ನಾನು ಎದೆ ತಟ್ಟಿಕೊಂಡು, ಆ ದೃಶ್ಯ ಈ ಕೈಯಲ್ಲೇ ತೆಗೆದದ್ದು, ತೆಗೆಯುವಾಗ ಕಣ್ಣೀರಿನಿಂದ ಲೆನ್ಸು ಮಂಜಾಯಿತು, ನಮ್ಮ ಕ್ಲೌಡಿನಲ್ಲಿ ಯಾರ ಒಂದು ಕೆಮ್ಮೂ ಕಳೆದುಹೋಗುವುದಿಲ್ಲ ಅಂದೆ. ಐದು ನಿಮಿಷ ಕೂತಿರಿ ಅಂದೆ. ಅವರು ಫೋಟೋ ತೆಗೆಯುವ ಸ್ಟೂಲಿನ ಮೇಲೆ, ಹಿಮದ ಬೆಟ್ಟದ ಪರದೆಯ ಮುಂದೆ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತರು.

ಒಳಗೆ ಹೋಗಿ ಡ್ರಮ್ಮಿಗೆ ಕೈ ಹಾಕಿದೆ. ಅಕ್ಕಿ. ಮೊಣಕೈವರೆಗೆ ಹಾಕಿದೆ. ಅಕ್ಕಿ. ತಲೆ ಹಾಕಿದೆ.

ಬೆನ್ನ ಹಿಂದೆ ಅಮ್ಮ ನಿಂತಿದ್ದರು. ನಾಲ್ಕು ದಿನ ಇದ್ದುಹೋಗಲು ಬಂದಿದ್ದ ಅಕ್ಕ ನಿನ್ನೆ ತಾನೇ ಹೆಮ್ಮಿಗೆಗೆ ಹೊರಟಿದ್ದಳು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಕಳಿಸದಿದ್ದರೆ ಅಮ್ಮನಿಗೆ ಮೂರು ದಿನ ನಿದ್ದೆ ಬರುವುದಿಲ್ಲ. ಅಳೆಯುವಾಗ ಗಂಟು ಕೈಗೆ ಸಿಕ್ಕಿದೆ.

"ಅವ್ರ ಮನೇಲಿ ಒಂದೇ ತಿಂಗ್ಳಲ್ಲಿ ಮೂರು ಸಲ ಪಂಪ್‌ಸೆಟ್ ಸುಟ್ಟೋಯ್ತಂತೆ ಕಣೋ," ಅಂದರು ಅಮ್ಮ. "ನಮ್ಮನೇಲಿ ಆರು ತಿಂಗ್ಳಿಂದ ಎಲ್ಲ ಚೆನ್ನಾಗೇ ಆಯ್ತಲ್ಲ. ರಕ್ಷೆ ಇನ್ಮೇಲೆ ಅವ್ಳನ್ನ ಕಾಯ್ಲಿ ಅಂತ ಮಡ್ಲಕ್ಕಿ ಜೊತೆ ಹಾಕ್ಬಿಟ್ಟೆ. ಬಿಚ್ಚಲಿಲ್ಲ, ಹೆದ್ರಬೇಡ."

ಮಲ್ಲಾಜಮ್ಮನ ಹತ್ತಿರ ಬಂದು, ಇದು ಎರಡನೇ ಡೇಟಾ ಸೆಂಟರಿಗೆ ಹೋಗಿದೆ, ಮಧ್ಯಾಹ್ನದ ಮೇಲೆ ಬನ್ನಿ ಅಂದೆ. ಅವರು ಊರಿಗೆ ಹೋಗಿ ಮತ್ತೆ ಬರಲು ಬಸ್ಸಿಲ್ಲ, ಇಲ್ಲೇ ಇರ್ತೀನಿ ಅಂದರು. ನಾನು ನರಸೀಪುರದ ಬಸ್ಸು ಹತ್ತಿದೆ. ಸೀಟಿದ್ದರೂ ಕೂರಲಾಗಲಿಲ್ಲ; ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ, ಹಿಂದಿನಿಂದ ಮುಂದಕ್ಕೆ ಓಡಾಡಿದೆ. ಕಂಡಕ್ಟರು, ನಡ್ಕೊಂಡೇ ಹೋಗೋದಾದ್ರೆ ಟಿಕೆಟ್ ಯಾಕೆ ಸಾ ಅಂತ ಕೇಳಿದ. ಬಸ್ಸು ಮುಂದೆ ಹೋಗುವ ಪ್ರತಿ ಮೈಲಿಗೂ ಅಮ್ಮನ ಫೋನು. ಆ ಅಜ್ಜಿ ಇನ್ನೂ ಕೂತಿದ್ದಾರೆ. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಹಿಮದ ಬೆಟ್ಟ ನೋಡುತ್ತಾ ಕೂತಿದ್ದಾರೆ. ಈಗ ಬೆಟ್ಟದ ಕಡೆ ಬೆನ್ನು ಮಾಡಿ ಕೂತಿದ್ದಾರೆ.

ನರಸೀಪುರದಲ್ಲಿ ಇಳಿದು, ಆಟೋ ಹಿಡಿದು ಹೆಮ್ಮಿಗೆಗೆ ಹೋದರೆ ಅಕ್ಕನ ಮನೆಗೆ ಬೀಗ. ಪಕ್ಕದ ಮನೆಯಾಕೆ ಎಲ್ಲ ವಿವರ ಕೊಟ್ಟಳು. ನಿನ್ನೆ ಅಕ್ಕ ತವರಿನಿಂದ ಬಂದು ಮಡಿಲಕ್ಕಿ ಬಿಚ್ಚಿದರೆ ಒಂದು ರಕ್ಷೆ. ಡ್ರಮ್ಮಿನಲ್ಲಿ ಆಗಲೇ ಒಂದು. ಎರಡು ರಕ್ಷೆ ಒಂದೇ ಸೂರಿನಡಿ ಇದ್ದರೆ ಒಂದಕ್ಕೊಂದು ಜಗಳವಾಡುತ್ತವೆ ಅಂತ ಬೀದಿಯವರೆಲ್ಲ ಹೇಳಿದರು. ಅದೇ ಸಂಜೆ ಪಂಪ್‌ಸೆಟ್ಟು ನಾಲ್ಕನೇ ಸಲ ಸುಟ್ಟಿತು. ಇನ್ನು ಅನುಮಾನವೇ ಇಲ್ಲ. ಬೆಳಗ್ಗೆಯೇ ಗಂಡ ಹೆಂಡತಿ ಎರಡನ್ನೂ ತೆಗೆದುಕೊಂಡು, ಒಂದನ್ನು ಹೊಳೆಗೆ ಬಿಟ್ಟು ಬರುವುದಕ್ಕೆ ನರಸೀಪುರದ ಸಂಗಮಕ್ಕೆ ಹೋಗಿದ್ದರು. ನಾನು ಬಂದ ದಾರಿಯಲ್ಲೇ.

ಅದೇ ಆಟೋದಲ್ಲಿ ವಾಪಸ್ ಹಾರಿದೆ. ಈಗ ಓದುಗರು ಕೇಳಬಹುದು: ಒಂದು ಹೊಳೆಗೆ ಹೋದರೆ ಏನಂತೆ, ನಕಲು ಇನ್ನೊಂದು ಇದೆಯಲ್ಲ, ಎರಡು ಊರಿನಲ್ಲಿ ಇಡುವುದೇ ಅದಕ್ಕಲ್ಲವೇ? ಒಳ್ಳೆಯ ಪ್ರಶ್ನೆ. ಆಟೋದಲ್ಲಿ ಅದೇ ಪ್ರಶ್ನೆ ನನ್ನನ್ನೂ ತಿನ್ನುತ್ತಿತ್ತು. ವಿಷಯ ಏನೆಂದರೆ, ಎರಡನೇ ಗಂಟು ಕಟ್ಟುವ ದಿನ ಇನ್ನೊಂದು ಡಿಸ್ಕು ತರುವುದಕ್ಕೆ ಮೈಸೂರಿಗೆ ಹೋಗಬೇಕಿತ್ತು. ಬಿಸಿಲು ಜಾಸ್ತಿ ಇತ್ತು. ಆಕಾರವೂ ಒಂದೇ, ತೂಕವೂ ಹೆಚ್ಚು ಕಡಿಮೆ ಒಂದೇ ಅಂತ, ಸದ್ಯಕ್ಕೆ ಇರಲಿ ಅಂದುಕೊಂಡು, ಬಚ್ಚಲಿನಿಂದ ಒಂದು ಸೋಪಿನ ಡಬ್ಬಿ ತೆಗೆದು ಕಟ್ಟಿದ್ದೆ. ಸೋಪಿನ ಸಮೇತ.

ಸಂಗಮದ ಮೆಟ್ಟಿಲಿನ ಮೇಲೆ ಅಕ್ಕ ಮತ್ತು ಭಾವ ಮಲ್ಲಿಕಾರ್ಜುನ್ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಒಂದು ಗಂಟನ್ನು ಬಿಟ್ಟಾಗಿತ್ತು. ಯಾವುದು ಅಂದರೆ, ಎರಡೂ ಒಂದೇ ಥರ ಇದ್ದವು, ಕಣ್ಣು ಮುಚ್ಚಿ ಒಂದನ್ನು ಬಿಟ್ಟೆ ಅಂದಳು ಅಕ್ಕ. ಎಲ್ಲಿ ಬಿಟ್ಟೆ ಅಂದರೆ ಕಾವೇರಿ, ಕಪಿಲೆ ಎರಡನ್ನೂ ಸೇರಿಸಿ ಕೈ ಬೀಸಿ ತೋರಿಸಿದಳು. ಉಳಿದದ್ದು ಭಾವನ ಕೈಯಲ್ಲಿತ್ತು.

"ಭಾಮೈದ, ಸರ್ಯಾದ ಟೈಮಿಗ್ ಬಂದೆ," ಅಂದರು ಭಾವ, ದನಿ ತಗ್ಗಿಸಿ. "ಉಳ್ಕಂಡಿರೋದ್ಕೆ ಮೂರ್ ಮುಳುಗು ಆಕ್ಸಿದೆ. ಆಗ್ಲಿಂದ ನೊರೆ ಬತ್ತಾನೇ ಅದೆ ಕಣ್ಲಾ. ಬಾರಿ ಸಕ್ತಿ ಇರ್ಬೇಕು."

ನೋಡಿದೆ. ಬಿಳಿ ಗಂಟಿನ ಸಂದಿಗಳಿಂದ ನೊರೆ ಉಕ್ಕಿ ಭಾವನ ಮುಂಗೈ ಮೇಲೆ ಇಳಿಯುತ್ತಿತ್ತು. ಸುತ್ತ ಶ್ರೀಗಂಧದ ವಾಸನೆ. ಅಂದರೆ ಹದಿನೆಂಟು ವರ್ಷದ ಮದುವೆಗಳೂ, ಗುರುಮಲ್ಲಪ್ಪನವರ ಒಂದು ಮಾತೂ ಹೊಳೆಯ ತಳದಲ್ಲಿವೆ. ನಾನು ಬಟ್ಟೆ ಸಮೇತ ಹಾರಿ, ಕಾವೇರಿಯನ್ನು ಎರಡು ಸಲ, ಕಪಿಲೆಯನ್ನು ಮೂರು ಸಲ ಈಜಿ ತಳದ ಮರಳನ್ನೆಲ್ಲ ಜರಡಿ ಹಿಡಿದೆ. ಸಿಗಲಿಲ್ಲ. ತೆಪ್ಪದವನು, ಏನ್ ಸಾ ಕಳ್ಕೊಂಡ್ರಿ ಅಂತ ಕೇಳಿದ.

ಅಕ್ಕನಿಗೆ ನನ್ನ ಮುಖ ನೋಡಿ ಅನುಮಾನ ಬಂತು. ನೊರೆ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅಮ್ಮನನ್ನೇ ಕೇಳೋಣ ನಡಿ ಅಂತ ಇಬ್ಬರೂ ನನ್ನ ಜೊತೆಗೇ ಬಸ್ಸು ಹತ್ತಿದರು. ಇಡೀ ದಾರಿ ಭಾವ ಗಂಟನ್ನು ಎದೆಗೆ ಹಿಡಿದು ಕೂತಿದ್ದರು. ಮುಂದಿನ ಸೀಟಿನ ಹೆಂಗಸೊಬ್ಬಳು ವಿಚಾರಿಸಿದಳು. ಭಾವ ಹೇಳಿದರು. ಆಕೆ ನೊರೆಯನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡ ಮೇಲೆ ಉರಿಯಿಂದ ಕಣ್ಣೀರು ಸುರಿಯಿತು. ಪಾಪ ತೊಳೆದುಹೋಯಿತು ನೋಡಿ ಅಂದರು ಪಕ್ಕದವರು. ನಂಜನಗೂಡು ಬರುವಷ್ಟರಲ್ಲಿ ಬಸ್ಸಿನಲ್ಲಿ ಒಂಬತ್ತು ಜನ ಅಳುತ್ತಿದ್ದರು. ಬೆಳಗಿನ ಕಂಡಕ್ಟರೇ ಇದ್ದ, ಅವನೂ ಒಬ್ಬ.

ಅಂಗಡಿಗೆ ಬಂದಾಗ ಸಂಜೆ ಐದು. ಮಲ್ಲಾಜಮ್ಮ ಅದೇ ಸ್ಟೂಲಿನ ಮೇಲೆ ಇದ್ದರು. ನಾಲ್ಕಾರು ಜನ ಆಗಲೇ ಸೇರಿದ್ದರು. ಬಸ್ಸಿನಿಂದ ಇಳಿದವರಲ್ಲಿ ಮೂವರು ನೊರೆಯ ಹಿಂದೆಯೇ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಗಂಟನ್ನು ಮೇಜಿನ ಮೇಲಿಟ್ಟು, ಇದೇ ನಮ್ಮ ಭಾಮೈದ ಎರಡು ಮನೆಯಲ್ಲಿ ಇಟ್ಟಿದ್ದ ರಕ್ಷೆ, ಒಂದನ್ನು ಹೊಳೆಗೆ ಬಿಟ್ಟೆವು ಅಂದರು. ಅಮ್ಮ ಒಳಗಿನಿಂದ ಬಂದವರು, ಬೆಳಗ್ಗೆ ಇವನು ಡೇಟಾ ಅಂತ ಡ್ರಮ್ಮಿನಲ್ಲಿ ಹುಡುಕಿದ್ದೂ ಅದನ್ನೇ ಅಂದರು.

ಮಲ್ಲಾಜಮ್ಮ ಎದ್ದು ಬಂದರು. "ಅವ್ರು ಇದ್ರೊಳ್ಗವ್ರಾ?"

ಯಾರೂ ತಡೆಯಲಿಲ್ಲ. ನಾನು ತಡೆಯಲು ಕೈ ಎತ್ತಿದೆ, ಕೈ ಅರ್ಧಕ್ಕೇ ನಿಂತಿತು. ಅವರೇ ಗಂಟು ಬಿಚ್ಚಿದರು. ನೀಲಿ ಡಬ್ಬಿ. ಡಬ್ಬಿಯೊಳಗೆ ಕರಗಿ ತೆಳ್ಳಗಾದ ಸೋಪು.

ಬಸ್ಸಿನಲ್ಲಿ ಪಾಪ ತೊಳೆದುಕೊಂಡ ಹೆಂಗಸು, ಅದಕ್ಕೇ ಅಷ್ಟು ಉರೀತು ಅಂದಳು. ಅಕ್ಕ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ನಾನು ನೆಲ ನೋಡುತ್ತಾ, ಬೇಕಾಗಿದ್ದದ್ದು ಹೊಳೆಗೆ ಹೋಯಿತು, ಇನ್ನೊಂದು ನಕಲು ಇಲ್ಲ ಅಂದೆ. ಮಲ್ಲಾಜಮ್ಮ ಬೈಯಲಿಲ್ಲ. ಸೋಪಿನ ಡಬ್ಬಿ ಮುಚ್ಚಿ, ಬಟ್ಟೆ ಹಿಂಡಿ, ಮಡಿಸಿ ಮೇಜಿನ ಮೇಲಿಟ್ಟರು.

"ಬುಡು," ಅಂದರು. "ಈ ಮುಂಡೇಗೆ ಅಷ್ಟೇ ಋಣ."

ಬುಟ್ಟಿ ಎತ್ತಿಕೊಂಡರು. ಆಗ ಬಾಗಿಲಲ್ಲಿ ಹೇಮಂತ್ ನಿಂತಿದ್ದ; ಗುಂಪು ನೋಡಿ ರಸ್ತೆ ದಾಟಿ ಬಂದಿದ್ದ. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ ನಾನು ಇನ್ನೊಬ್ಬರ ಸಹಾಯ ಕೇಳಿದೆ.

"ಹೇಮಂತ್, ಚಿಕ್ಕಯ್ಯನಛತ್ರದ ಮದುವೆ. ಮನೆ ತುಂಬಿಸಿಕೊಂಡಿದ್ದು. ನಿನ್ನ ಹತ್ತಿರ ಏನಾದ್ರೂ ಇದೆಯೇನಪ್ಪ?"

ಅವನು ಅಲ್ಲೇ ನಿಂತು ಮೊಬೈಲ್ ತೆಗೆದ. ನನ್ನ ಹತ್ತಿರ ಕೆಲಸಕ್ಕಿದ್ದಾಗಿನಿಂದಲೂ ತಾನು ತೆಗೆದದ್ದೆಲ್ಲ ಆವತ್ತಾವತ್ತೇ ಕ್ಲೌಡಿಗೆ ಹಾಕುವ ಅಭ್ಯಾಸ ಅಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ. ತಾರೀಕು ಕೇಳಿದ. ಅರ್ಧ ನಿಮಿಷ ಆಗಿರಲಿಲ್ಲ, ಮೊಬೈಲನ್ನು ಮಲ್ಲಾಜಮ್ಮನ ಕೈಗೆ ಕೊಟ್ಟ. ಅದು ಯಾವ ದೇಶದ ಯಾವ ಕೋಣೆಯಿಂದ ಬಂತೋ ಅವನಿಗೂ ಗೊತ್ತಿಲ್ಲ. ಬಸ್ಸು ಹತ್ತದೆ ಬಂತು.

ಬೆಳಕು ನಿಜವಾಗಿಯೂ ಸಾಲದಾಗಿತ್ತು. ಹೊಸಿಲ ಮೇಲೆ ಹೆಣ್ಣುಮಕ್ಕಳ ನಗು. ತಾತ, ನೀವೂ ಅಜ್ಜಿ ಎಸ್ರ ಏಳಿ, ಇಲ್ದಿದ್ರೆ ಬಾಗ್ಲು ಬುಡಕಿಲ್ಲ. ಗುರುಮಲ್ಲಪ್ಪನವರು ಟವೆಲ್ಲಿನಿಂದ ಬಾಯೊರೆಸಿಕೊಂಡರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಯಾರನ್ನೋ ಹುಡುಕುವವರ ಹಾಗೆ ಒಳಗೆ ಕತ್ತು ಚಾಚಿದರು.

"ಮಲ್ಲಾಜಿ ಎಲ್ಲವ್ಳೆ? ಉಂಡ್ಲಾ ಅವ್ಳು?"

ಜನ ಹೋ ಎಂದು ನಕ್ಕರು. ಅಷ್ಟೇ ಇದ್ದದ್ದು. ಮಲ್ಲಾಜಮ್ಮ ಇನ್ನೊಂದು ಸಲ ಹಾಕಿಸಿದರು. ಮೂರನೇ ಸಲ ಹಾಕಿಸಿದಾಗ ಮೊಬೈಲನ್ನು ಮುಖದ ಹತ್ತಿರ ತಂದು ಅದಕ್ಕೆ ಉತ್ತರ ಕೊಟ್ಟರು.

"ಇಲ್ಲ ಕಣ್ರೀ. ಉಂಡಿರ್ನಿಲ್ಲ. ಒಳ್ಗೆ ಪೋಟೋದವ್ರಿಗೆ ಇಕ್ತಾ ಇದ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೇಮಂತ್ ಮಾತ್ರ ತಿರುಗಲಿಲ್ಲ. ಅವನು ಅವತ್ತು ಕ್ಯಾಮೆರಾ ಹಿಡಿದು ಹೊಸಿಲ ಹತ್ತಿರ ಇದ್ದವನು, ಅವನಿಗೆ ಗೊತ್ತಿತ್ತು. ಅಮ್ಮ ಮೆಲ್ಲಗೆ ಹೇಳಿದರು: "ಇವತ್ತೂ ಉಂಡಿಲ್ಲ ಕಣೋ ಅವ್ರು. ಬೆಳಗಿಂದ ನಿನ್ನೇ ಕಾಯ್ತಾ ಕೂತವ್ರೆ."

ಇನ್ನು ಸುಳ್ಳು ಹೇಳುವುದಕ್ಕೆ ಜಾಗ ಉಳಿದಿರಲಿಲ್ಲ. ಒಂದೊಂದಾಗಿ ಹೇಳಿಬಿಡುತ್ತ, ಒಳಗೆ ಎಲೆ ಹಾಕಿ ಮಲ್ಲಾಜಮ್ಮನನ್ನು ಕೂರಿಸಿದೆ. ಆ ದೃಶ್ಯ ತೆಗೆದ ಕೈ ನನ್ನದಲ್ಲ, ಹೇಮಂತನದು. ಅವನು ನನ್ನ ಹತ್ತಿರ ಇದ್ದ ಎರಡು ವರ್ಷದಲ್ಲಿ ನಾನು ಕ್ಯಾಮೆರಾ ಮುಟ್ಟಿದ್ದು ಕಡಿಮೆ. ಸಂಗಮದಲ್ಲಿ ನಾನು ಇಳಿದದ್ದು ಮೊಣಕಾಲವರೆಗೆ. ಮೈಸೂರಿನ ಸಭೆಯಲ್ಲಿ ಚಪ್ಪಾಳೆ ತಟ್ಟಿದ್ದು ಊಟಕ್ಕೆ ಏಳಿ ಅಂದಾಗ. ಬೋರ್ಡು ನೋಡಿ ಕೇಳಿದವರು ಹನ್ನೊಂದಲ್ಲ, ಇಬ್ಬರು. ಬಿಳಿ ಕಾರಿನವರು ಎಂಜಿನಿಯರುಗಳೋ ಅಲ್ಲವೋ ಕೇಳಲಿಲ್ಲ; ಅವರು ಕೇಳಿದ್ದು ಊಟಿಗೆ ದಾರಿ ಯಾವುದು ಅಂತ. ನನ್ನ ಬೋರ್ಡಿನ ಕೆಂಪು ಅಕ್ಷರಗಳನ್ನು ಮರುದಿನವೇ ಅಳಿಸಿ, "ಕ್ಲೌಡ್ ಎದುರಿನ ಅಂಗಡಿಯಲ್ಲಿದೆ" ಅಂತ ಬರೆಸುತ್ತೇನೆ ಅಂದೆ. ಬರೆಸಿದ್ದೇನೆ, ಬಂದು ನೋಡಬಹುದು.

ಎಲೆಗೆ ಅನ್ನ ಬಡಿಸುತ್ತ ಉಳಿದದ್ದನ್ನೂ ಹೇಳಿದೆ. ಮನೆ ತುಂಬಿಸಿಕೊಳ್ಳುವಾಗ ಗಲಾಟೆ ಜಾಸ್ತಿಯಾಗುತ್ತದೆ, ಆಮೇಲೆ ಪಂಕ್ತಿಯಲ್ಲಿ ಜಾಗ ಸಿಗುವುದಿಲ್ಲ ಅಂತ ನಾನು ಮೊದಲೇ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋಗಿ ಕೂತುಬಿಟ್ಟಿದ್ದೆ. ಹೊಸಿಲ ಹತ್ತಿರ ನಗು ಕೇಳಿಸಿದಾಗ ಮಲ್ಲಾಜಮ್ಮ ಎದ್ದು ಹೋಗಲು ನೋಡಿದರು. ಅಮ್ಮಾ, ಇನ್ನೊಂದು ಒಬ್ಬಟ್ಟು ಅಂತ ಕರೆದವನು ನಾನು. ಒಟ್ಟು ಮೂರು ತಿಂದೆ ಅಂದೆ.

ಮಲ್ಲಾಜಮ್ಮ ತುತ್ತು ಕಲಸುತ್ತಿದ್ದವರು ತಲೆ ಎತ್ತಿದರು. "ಅಯ್ದು ಕಣಪ್ಪ. ಇಕ್ಕಿದ್ದು ನಾನಲ್ವಾ?"

ಐದು.